ಎಂಆರ್‌ಸಿಪಿ ಪಾರ್ಟ್ 1: ಕ್ಲಿನಿಕಲ್ ಸೈನ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಬಿಎಸ್ ಮುಗಿಸಿ, ಫಿಸಿಶಿಯನ್ ಆಗುವವರಿಗೆ ಬ್ರಿಟನ್ ನಡೆಸುವ ಎಂಆರ್‌ಸಿಪಿ ಪರೀಕ್ಷೆಯ ಪಾರ್ಟ್ 1ಕ್ಕೆ ಕೂರುವ ನಮ್ಮ ಕಡೆಯ ಹುಡುಗ ಹುಡುಗಿಯರು ಸಾಮಾನ್ಯವಾಗಿ ಕಾರ್ಡಿಯಾಲಜಿ, ನ್ಯೂರಾಲಜಿ ಎಲ್ಲ ಚೆನ್ನಾಗಿ ಓದಿರುತ್ತಾರೆ. ಕ್ಲಿನಿಕಲ್ ಸೈನ್ಸ್ ಅಂದ ತಕ್ಷಣ ಮುಖ ಬಾಡುತ್ತದೆ. ಸ್ಟ್ಯಾಟಿಸ್ಟಿಕ್ಸ್ ಅಂದರೆ ಇನ್ನೂ ಜಾಸ್ತಿ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪರೀಕ್ಷೆಯಲ್ಲಿ ಈ ಭಾಗಕ್ಕೆ ಎಷ್ಟು ಜಾಗ ಇದೆ?

ಪಾರ್ಟ್ 1ರಲ್ಲಿ ಎರಡು ಪೇಪರ್, ಒಂದೊಂದಕ್ಕೂ 3 ಗಂಟೆ, ಒಂದೊಂದರಲ್ಲೂ 100 ಪ್ರಶ್ನೆ. ಐದು ಆಯ್ಕೆಗಳಲ್ಲಿ ಅತಿ ಸೂಕ್ತವಾದ ಒಂದನ್ನು ಆರಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಟ್ಟು 200ರಲ್ಲಿ ಕ್ಲಿನಿಕಲ್ ಸೈನ್ಸ್‌ಗೆ ಸುಮಾರು 25. ಅದರೊಳಗೆ ಸ್ಟ್ಯಾಟಿಸ್ಟಿಕ್ಸ್, ಎಪಿಡೆಮಿಯಾಲಜಿ ಸೇರಿ 5, ಬಯೋಕೆಮಿಸ್ಟ್ರಿ 4, ಫಿಸಿಯಾಲಜಿ 4, ಇಮ್ಯುನಾಲಜಿ 4, ಜೆನೆಟಿಕ್ಸ್ 3, ಅನಾಟಮಿ 3, ಸೆಲ್ ಬಯಾಲಜಿ 2. ಅರ್ಜಿ ಹಾಕುವ ಮುಂಚೆ ಈ ಹಂಚಿಕೆಯನ್ನು ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಇಂಥ ಪಟ್ಟಿಗಳನ್ನು ಆಗಾಗ ತಿದ್ದುತ್ತಾರೆ.

ಬರೀ 5 ಪ್ರಶ್ನೆಗೆ ಸ್ಟ್ಯಾಟಿಸ್ಟಿಕ್ಸ್ ಯಾಕೆ ಓದಬೇಕು? ಬಿಟ್ಟುಬಿಟ್ಟರೆ ಆಗಲ್ವಾ?

ಬಿಡಬೇಡಿ. ಅನಾಟಮಿಯ 3 ಪ್ರಶ್ನೆ ತಲೆಯಿಂದ ಕಾಲಿನವರೆಗೆ ಎಲ್ಲಿಂದ ಬೇಕಾದರೂ ಬರಬಹುದು. ಸ್ಟ್ಯಾಟಿಸ್ಟಿಕ್ಸ್‌ನ 5 ಬರುವುದು ಹತ್ತು ಹನ್ನೆರಡು ವಿಷಯಗಳಿಂದ ಮಾತ್ರ. ಓದಿದ್ದಕ್ಕೆ ಇಷ್ಟು ಖಾತ್ರಿಯಾಗಿ ಅಂಕ ಸಿಗುವ ಜಾಗ ಇಡೀ ಸಿಲಬಸ್‌ನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ನನಗೆ ಗಣಿತ ಬರಲ್ಲ. ಏನು ಮಾಡಲಿ?

ಇಲ್ಲಿ ಬೇಕಾದದ್ದು ಕೂಡುವುದು, ಕಳೆಯುವುದು, ಭಾಗಿಸುವುದು ಅಷ್ಟೇ. ಎಡವುವುದು ಲೆಕ್ಕದಲ್ಲಲ್ಲ, ಯಾವುದರಿಂದ ಭಾಗಿಸಬೇಕು ಅನ್ನುವಲ್ಲಿ. ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಮೇಲಿನದು ಅಂಶ, ಕೆಳಗಿನದು ಛೇದ ಅಂತ ಹೇಳಿಕೊಟ್ಟಿದ್ದರಲ್ಲ, ಆ ಛೇದದ ಮೇಲೆ ಕಣ್ಣಿಡಿ. ಪ್ರತಿ ಪ್ರಶ್ನೆಗೂ "ಇಲ್ಲಿ ಛೇದದಲ್ಲಿ ಯಾರಿದ್ದಾರೆ?" ಅಂತ ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಪ್ರಿಡಿಕ್ಟಿವ್ ವ್ಯಾಲ್ಯೂ ಎಲ್ಲ ಕಲಸಿಹೋಗುತ್ತವೆ. ಹೇಗೆ ನೆನಪಿಡುವುದು?

ನೆನಪಿಡಲು ಹೋಗಬೇಡಿ. ಪ್ರತಿ ಸಲ ನಾಲ್ಕು ಮನೆಯ ಟೇಬಲ್ ಬರೆಯಿರಿ. ಮೇಲೆ "ಕಾಯಿಲೆ ಇದೆ", "ಕಾಯಿಲೆ ಇಲ್ಲ". ಪಕ್ಕದಲ್ಲಿ "ಟೆಸ್ಟ್ ಪಾಸಿಟಿವ್", "ಟೆಸ್ಟ್ ನೆಗೆಟಿವ್". ಕೆಲವು ಪ್ರಶ್ನೆಗಳಲ್ಲಿ ಟೇಬಲ್ ಅಡ್ಡಡ್ಡ ಕೊಟ್ಟಿರುತ್ತಾರೆ, ಕಾಯಿಲೆ ಪಕ್ಕಕ್ಕೆ, ಟೆಸ್ಟ್ ಮೇಲಕ್ಕೆ. ಅದನ್ನು ನಂಬದೆ ನಿಮ್ಮ ರೀತಿಯಲ್ಲೇ ಮತ್ತೆ ಬರೆದುಕೊಳ್ಳಿ.

ಒಂದು ಲೆಕ್ಕ ಮಾಡೋಣ. 10,000 ಜನ, ಅವರಲ್ಲಿ ನೂರಕ್ಕೆ ಒಬ್ಬರಿಗೆ ಕಾಯಿಲೆ. ಟೆಸ್ಟ್‌ನ ಸೆನ್ಸಿಟಿವಿಟಿ 90%, ಸ್ಪೆಸಿಫಿಸಿಟಿ 95%. ಕಾಯಿಲೆ ಇರುವವರು 100. ಅವರಲ್ಲಿ 90 ಮಂದಿ ಪಾಸಿಟಿವ್, 10 ಮಂದಿ ತಪ್ಪಿಹೋದರು. ಕಾಯಿಲೆ ಇಲ್ಲದವರು 9,900. ಅವರಲ್ಲಿ 95%, ಅಂದರೆ 9,405 ಮಂದಿ ನೆಗೆಟಿವ್, ಉಳಿದ 495 ಮಂದಿ ಸುಮ್ನೆ ಪಾಸಿಟಿವ್.

ಈಗ ಪಾಸಿಟಿವ್ ರಿಪೋರ್ಟ್ ಹಿಡಿದು ಬಂದವರು ಎಷ್ಟು? 90 ಮತ್ತು 495 ಸೇರಿ 585. ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 90. ಅಂದರೆ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಬರೀ 15%. 90% ಸೆನ್ಸಿಟಿವಿಟಿ ಇರುವ ಟೆಸ್ಟ್‌ನಲ್ಲೂ ಹೀಗೆ! ಎರಡರಲ್ಲೂ ಅಂಶ ಅದೇ 90. ಸೆನ್ಸಿಟಿವಿಟಿಯ ಛೇದದಲ್ಲಿ ಕಾಯಿಲೆ ಇರುವ 100 ಮಂದಿ ಇದ್ದಾರೆ, ಪ್ರಿಡಿಕ್ಟಿವ್ ವ್ಯಾಲ್ಯೂನ ಛೇದದಲ್ಲಿ ಪಾಸಿಟಿವ್ ಬಂದ 585 ಮಂದಿ.

ಅದೇ ಟೆಸ್ಟನ್ನು ಸ್ಪೆಷಲಿಸ್ಟ್ ಕ್ಲಿನಿಕ್‌ನಲ್ಲಿ ಮಾಡಿ. ಅಲ್ಲಿ ಬರುವವರಲ್ಲಿ 20% ಮಂದಿಗೆ ಕಾಯಿಲೆ ಇದೆ ಅಂದುಕೊಳ್ಳಿ. 2,000 ಮಂದಿಯಲ್ಲಿ 1,800 ಪಾಸಿಟಿವ್. ಕಾಯಿಲೆ ಇಲ್ಲದ 8,000ದಲ್ಲಿ 400 ಪಾಸಿಟಿವ್. 2,200ರಲ್ಲಿ 1,800, ಅಂದರೆ ಸುಮಾರು 82%. ಟೆಸ್ಟ್ ಬದಲಾಗಿಲ್ಲ, ಜನ ಬದಲಾದರು. "ಪ್ರಿವಲೆನ್ಸ್ (ಜನರಲ್ಲಿ ಕಾಯಿಲೆ ಇರುವವರ ಪಾಲು) ಜಾಸ್ತಿಯಾದರೆ ಯಾವುದು ಬದಲಾಗುತ್ತದೆ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಏರುತ್ತದೆ, ನೆಗೆಟಿವ್ ಇಳಿಯುತ್ತದೆ, ಸೆನ್ಸಿಟಿವಿಟಿ ಸ್ಪೆಸಿಫಿಸಿಟಿ ಇದ್ದಲ್ಲೇ ಇರುತ್ತವೆ.

ಲೈಕ್ಲಿಹುಡ್ ರೇಶಿಯೋ ಬೇಕೇಬೇಕಾ?

ಬೇಕು, ಕಷ್ಟವೇನಿಲ್ಲ. ಟೆಸ್ಟ್ ಪಾಸಿಟಿವ್ ಬಂದರೆ ಕಾಯಿಲೆಯ ಆಡ್ಸ್ ಎಷ್ಟು ಪಟ್ಟು ಏರುತ್ತದೆ ಅಂತ ಅದು ಹೇಳುತ್ತದೆ. ಸೆನ್ಸಿಟಿವಿಟಿಯನ್ನು, ಒಂದರಿಂದ ಸ್ಪೆಸಿಫಿಸಿಟಿ ಕಳೆದು ಉಳಿದದ್ದರಿಂದ ಭಾಗಿಸಿ. ಮೇಲಿನ ಟೆಸ್ಟ್‌ಗೆ 0.90 ಭಾಗಿಸು 0.05, ಅಂದರೆ 18. ಇದನ್ನು ಆಡ್ಸ್‌ನಿಂದ ಗುಣಿಸಬೇಕು, ಪ್ರಾಬಬಿಲಿಟಿಯಿಂದ ಅಲ್ಲ. 20% ಅಂದರೆ ಕಾಯಿಲೆ ಇರುವ 1ಕ್ಕೆ ಇಲ್ಲದ 4, ಆಡ್ಸ್ 0.25. 18ರಿಂದ ಗುಣಿಸಿದರೆ 4.5. ಮತ್ತೆ ಪ್ರಾಬಬಿಲಿಟಿಗೆ ತಂದರೆ 4.5 ಭಾಗಿಸು 5.5, ಅದೇ 82%. ಎರಡು ದಾರಿಯಲ್ಲೂ ಅದೇ ಉತ್ತರ ಬಂತಲ್ಲ, ಇನ್ನು ಹೆದರಿಕೆ ಬೇಡ.

ಎನ್‌ಎನ್‌ಟಿ (ನಂಬರ್ ನೀಡೆಡ್ ಟು ಟ್ರೀಟ್), ರಿಲೇಟಿವ್ ರಿಸ್ಕ್ ರಿಡಕ್ಷನ್: ಯಾವುದನ್ನು ಯಾವಾಗ ಹೇಳುತ್ತಾರೆ?

ನಿಜವಾದ ಟ್ರಯಲ್ ತೆಗೆದುಕೊಳ್ಳಿ. ಸ್ಕ್ಯಾಂಡಿನೇವಿಯಾದ 4ಎಸ್ ಟ್ರಯಲ್ 1994ರಲ್ಲಿ ಪ್ರಕಟವಾಯಿತು. ಹೃದಯದ ರಕ್ತನಾಳದ ಕಾಯಿಲೆ ಇದ್ದ 4,444 ಮಂದಿ, ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಒಂದು ಕಡೆ, ಪ್ಲಸಿಬೊ (ಔಷಧಿ ಇಲ್ಲದ ಮಾತ್ರೆ) ಇನ್ನೊಂದು ಕಡೆ, ಸರಾಸರಿ ಐದು ವರ್ಷಕ್ಕೂ ಸ್ವಲ್ಪ ಜಾಸ್ತಿ ಕಾಲ. ಪ್ಲಸಿಬೊ ಗುಂಪಿನ 2,223ರಲ್ಲಿ 256 ಮಂದಿ ತೀರಿಕೊಂಡರು, ಸಿಮ್ವಾಸ್ಟಾಟಿನ್ ಗುಂಪಿನ 2,221ರಲ್ಲಿ 182.

ಭಾಗಿಸಿ ನೋಡಿ: 11.5% ಮತ್ತು 8.2%. ವ್ಯತ್ಯಾಸ 3.3%. ಇದು ಅಬ್ಸಲ್ಯೂಟ್ ರಿಸ್ಕ್ ರಿಡಕ್ಷನ್. 100 ಭಾಗಿಸು 3.3, ಅಂದರೆ ಎನ್‌ಎನ್‌ಟಿ ಸುಮಾರು 30. ಸುಮಾರು 30 ಮಂದಿಗೆ ಅಷ್ಟು ವರ್ಷ ಔಷಧಿ ಕೊಟ್ಟರೆ ಒಂದು ಸಾವು ತಪ್ಪುತ್ತದೆ. ಈ 3.3ನ್ನು 11.5ರಿಂದ ಭಾಗಿಸಿದರೆ ಸುಮಾರು 29%, ಅದು ರಿಲೇಟಿವ್ ರಿಸ್ಕ್ ರಿಡಕ್ಷನ್.

ಔಷಧಿ ಕಂಪನಿಯ ರೆಪ್ ಓಪಿಡಿಗೆ ತರುವ ಹೊಳೆಯುವ ಕಾಗದದಲ್ಲಿ ಯಾವ ಸಂಖ್ಯೆ ದೊಡ್ಡದಾಗಿ ಅಚ್ಚಾಗಿರುತ್ತದೆ ಅಂತ ನಿಮಗೇ ಗೊತ್ತು. 29% ಕೂಡ ಸುಳ್ಳಲ್ಲ. ಅದರ ಛೇದದಲ್ಲಿರುವುದು ಪ್ಲಸಿಬೊ ಗುಂಪಿನ ರಿಸ್ಕ್, ಎಲ್ಲ ರೋಗಿಗಳೂ ಅಲ್ಲ. ಪರೀಕ್ಷೆಯಲ್ಲಿ ಎನ್‌ಎನ್‌ಟಿ ಕೇಳಿದಾಗ ಕಾಲಾವಧಿ ನೋಡಲು ಮರೆಯಬೇಡಿ. ಒಂದು ವರ್ಷದ ಎನ್‌ಎನ್‌ಟಿ, ಐದು ವರ್ಷದ ಎನ್‌ಎನ್‌ಟಿ ಎರಡೂ ಒಂದೇ ಅಲ್ಲ.

ಆಡ್ಸ್ ರೇಶಿಯೋ ಯಾಕೆ ಬೇಕು? ರಿಲೇಟಿವ್ ರಿಸ್ಕ್ ಸಾಕಲ್ವಾ?

ಒಂದು ಗುಂಪಿನ ರಿಸ್ಕನ್ನು ಇನ್ನೊಂದು ಗುಂಪಿನ ರಿಸ್ಕ್‌ನಿಂದ ಭಾಗಿಸಿದರೆ ರಿಲೇಟಿವ್ ರಿಸ್ಕ್, ಆಡ್ಸನ್ನು ಹಾಗೆ ಭಾಗಿಸಿದರೆ ಆಡ್ಸ್ ರೇಶಿಯೋ. ಕೇಸ್ ಕಂಟ್ರೋಲ್ ಸ್ಟಡಿಯಲ್ಲಿ ರಿಲೇಟಿವ್ ರಿಸ್ಕ್ ಸಾಲದು. ಬ್ರಿಟನ್ನಿನಲ್ಲಿ ಡಾಲ್ ಮತ್ತು ಹಿಲ್ 1950ರಲ್ಲಿ ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಪ್ರಕಟಿಸಿದ್ದು ಈ ಬಗೆಯ ಸ್ಟಡಿ. ಆಸ್ಪತ್ರೆಯಲ್ಲಿದ್ದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ರೋಗಿಗಳನ್ನೂ ಹಿಡಿದು "ಸಿಗರೇಟು ಸೇದ್ತಿದ್ರಾ?" ಅಂತ ಹಿಂದಕ್ಕೆ ಕೇಳಿದರು. ಎಷ್ಟು ರೋಗಿಗಳು, ಎಷ್ಟು ಕಂಟ್ರೋಲ್‌ಗಳು ಅನ್ನುವುದನ್ನು ಸಂಶೋಧಕರೇ ನಿರ್ಧರಿಸಿರುತ್ತಾರೆ. ಹಾಗಾಗಿ ಸೇದುವವರಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಬಂತು ಅನ್ನುವುದಕ್ಕೆ ಅಲ್ಲಿ ಛೇದವೇ ಇಲ್ಲ. ಇರುವುದರಲ್ಲಿ ತೆಗೆಯಲು ಸಾಧ್ಯವಾದದ್ದು ಆಡ್ಸ್ ರೇಶಿಯೋ.

ಅದೇ ಜೋಡಿ 1951ರಲ್ಲಿ ಬ್ರಿಟಿಷ್ ಡಾಕ್ಟರುಗಳಿಗೇ ಪತ್ರ ಬರೆದು, ಅವರನ್ನು ವರ್ಷಗಟ್ಟಲೆ ಮುಂದಕ್ಕೆ ಗಮನಿಸಿದರು. ಅದು ಕೋಹಾರ್ಟ್. ಅಲ್ಲಿ ಛೇದ ಇದೆ, ರಿಲೇಟಿವ್ ರಿಸ್ಕ್ ಸಿಗುತ್ತದೆ. ಒಂದೇ ಪ್ರಶ್ನೆಗೆ ಎರಡು ಡಿಸೈನ್. ಈ ಜೋಡಿಯನ್ನು ನೆನಪಿಟ್ಟರೆ ಸ್ಟಡಿ ಡಿಸೈನ್ ಅಧ್ಯಾಯದ ಮುಕ್ಕಾಲು ಪಾಲು ಬಂದ ಹಾಗೆ. ಕಾಯಿಲೆ ಅಪರೂಪವಾದರೆ ಆಡ್ಸ್ ರೇಶಿಯೋ ಮತ್ತು ರಿಲೇಟಿವ್ ರಿಸ್ಕ್ ಹತ್ತಿರ ಹತ್ತಿರ ಇರುತ್ತವೆ, ಅದೂ ಒಂದು ಪ್ರಶ್ನೆಯೇ.

ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಅಂದರೆ ಔಷಧಿ ಕೆಲಸ ಮಾಡುತ್ತದೆ ಅಂತ ಅಲ್ವಾ?

ಅಲ್ಲ. ಔಷಧಿಗೆ ಏನೂ ಪರಿಣಾಮ ಇಲ್ಲ ಅಂತಲೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು? ಪಿ ವ್ಯಾಲ್ಯೂ ಅಂದರೆ ಅದು. "ಔಷಧಿ ಕೆಲಸ ಮಾಡುವ ಸಾಧ್ಯತೆ 95%" ಅನ್ನುವ ಆಯ್ಕೆ ಐದರಲ್ಲಿ ಒಂದಾಗಿ ಕೂತಿರುತ್ತದೆ, ಮುಟ್ಟಬೇಡಿ.

0.05 ಎಂಬ ಗೆರೆಯನ್ನು ರೂಢಿಗೆ ತಂದವರು ಆರ್. ಎ. ಫಿಷರ್, 1920ರ ದಶಕದಲ್ಲಿ. ಅವರ ಹತ್ತಿರ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಪರೀಕ್ಷೆಗೆ ಇದು ಬರುವುದಿಲ್ಲ, ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

ಪಿ ವ್ಯಾಲ್ಯೂ ಎಲ್ಲಿ ಮೋಸ ಮಾಡುತ್ತದೆ ಅಂತ ತಿಳಿಯಬೇಕಾದರೆ 1988ರ ಐಸಿಸ್-2 ಟ್ರಯಲ್ ನೋಡಿ. ಹಾರ್ಟ್ ಅಟ್ಯಾಕ್ ಅನುಮಾನ ಇದ್ದ 17,187 ಮಂದಿ. ಆಸ್ಪಿರಿನ್‌ನಿಂದ ಐದು ವಾರದೊಳಗಿನ ಹೃದಯ, ರಕ್ತನಾಳ ಸಂಬಂಧಿ ಸಾವು 23% ಇಳಿಯಿತು. ಆಮೇಲೆ ಸಬ್‌ಗ್ರೂಪ್‌ಗಳನ್ನು ನೋಡುವ ಮಾತು ಬಂತು. ಸಂಶೋಧಕರು ಬೇಕೆಂದೇ ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರ ವಿಂಗಡಿಸಿ ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಸ್ವಲ್ಪ ಕೆಟ್ಟದ್ದೇ ಮಾಡಿದಂತೆ ಕಂಡಿತು, ಉಳಿದ ರಾಶಿಯವರಿಗೆ ಭರ್ಜರಿ ಲಾಭ! ರಾಶಿ ನೋಡಿ ಆಸ್ಪಿರಿನ್ ಬರೆಯುವ ಡಾಕ್ಟರ್ ಯಾರೂ ಇಲ್ಲ. ಒಂದೇ ಡೇಟಾವನ್ನು ಚೂರು ಚೂರು ಮಾಡಿ ನೋಡಿದರೆ ಎಲ್ಲೋ ಒಂದು ಕಡೆ ಸುಳ್ಳು ವ್ಯತ್ಯಾಸ ಕಂಡೇ ಕಾಣುತ್ತದೆ. ಏನೂ ಪರಿಣಾಮ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಹೋಲಿಕೆ ಮಾಡಿದರೆ ಕನಿಷ್ಠ ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ ಸುಮಾರು 64%.

ಕಾನ್ಫಿಡೆನ್ಸ್ ಇಂಟರ್ವಲ್ ನೋಡಿದ ಕೂಡಲೇ ಉತ್ತರ ಹೇಳುವುದು ಹೇಗೆ?

ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ ಅದು. ರೇಶಿಯೋ ಆದರೆ 1 ಒಳಗಿದೆಯಾ ನೋಡಿ. ವ್ಯತ್ಯಾಸ ಆದರೆ 0 ಒಳಗಿದೆಯಾ ನೋಡಿ. ಒಳಗಿದ್ದರೆ ಸಿಗ್ನಿಫಿಕೆಂಟ್ ಅಲ್ಲ. 4ಎಸ್‌ನಲ್ಲಿ ಸಾವಿನ ರಿಲೇಟಿವ್ ರಿಸ್ಕ್ 0.70, ಇಂಟರ್ವಲ್ 0.58ರಿಂದ 0.85. 1 ಹೊರಗಿದೆ. ಹಲವು ಇಂಟರ್ವಲ್‌ಗಳನ್ನು ಸಾಲಾಗಿ ಚಿತ್ರಿಸುವ ಫಾರೆಸ್ಟ್ ಪ್ಲಾಟ್‌ನಲ್ಲೂ ಇದೇ ಕೆಲಸ, ಅಡ್ಡಗೆರೆ ನಡುವಿನ ನೇರ ಗೆರೆಯನ್ನು ಮುಟ್ಟಿತಾ ಇಲ್ಲವಾ ಅಷ್ಟೇ.

ಸ್ಟ್ಯಾಂಡರ್ಡ್ ಡೀವಿಯೇಶನ್, ಸ್ಟ್ಯಾಂಡರ್ಡ್ ಎರರ್: ವ್ಯತ್ಯಾಸ ಏನು?

100 ಮಂದಿಯ ಬಿಪಿ ನೋಡಿದಿರಿ. ಸರಾಸರಿ 130, ಸ್ಟ್ಯಾಂಡರ್ಡ್ ಡೀವಿಯೇಶನ್ 20. ಒಬ್ಬೊಬ್ಬರ ಬಿಪಿ ಎಷ್ಟು ಚದುರಿದೆ ಅಂತ 20 ಹೇಳುತ್ತದೆ. ನಾರ್ಮಲ್ ಡಿಸ್ಟ್ರಿಬ್ಯೂಶನ್ ಆದರೆ ಸುಮಾರು 95% ಮಂದಿ 91ರಿಂದ 169ರ ಒಳಗಿರುತ್ತಾರೆ. ಸ್ಟ್ಯಾಂಡರ್ಡ್ ಎರರ್ ಅಂದರೆ 20 ಭಾಗಿಸು 100ರ ವರ್ಗಮೂಲ, 2. ಸರಾಸರಿ ಎಷ್ಟು ನಂಬಿಕಸ್ಥ ಅಂತ ಅದು ಹೇಳುತ್ತದೆ, ಇಂಟರ್ವಲ್ ಸುಮಾರು 126ರಿಂದ 134. ರೋಗಿಗಳ ಬಗ್ಗೆ ಪ್ರಶ್ನೆಯಾ, ಸರಾಸರಿಯ ಬಗ್ಗೆ ಪ್ರಶ್ನೆಯಾ ಅಂತ ಮೊದಲು ಓದಿ.

ಯಾವ ಟೆಸ್ಟ್ ಹಾಕಬೇಕು ಅನ್ನುವ ಪ್ರಶ್ನೆಗೆ ಸುಲಭದ ದಾರಿ ಇದೆಯಾ?

ಇದೆ. ಡೇಟಾ ಹೌದು-ಇಲ್ಲ ರೀತಿಯದ್ದಾದರೆ ಕೈ ಸ್ಕ್ವೇರ್. ಸಂಖ್ಯೆಗಳಾದರೆ, ನಾರ್ಮಲ್ ಇದೆಯಾ ನೋಡಿ. ನಾರ್ಮಲ್ ಇದ್ದು ಎರಡು ಬೇರೆ ಗುಂಪಾದರೆ ಸ್ಟೂಡೆಂಟ್ ಟಿ ಟೆಸ್ಟ್, ಅದೇ ಮಂದಿಯನ್ನು ಮೊದಲು-ಆಮೇಲೆ ನೋಡಿದ್ದರೆ ಪೇರ್ಡ್ ಟಿ. ನಾರ್ಮಲ್ ಇಲ್ಲದಿದ್ದರೆ ಇವಕ್ಕೆ ಬದಲು ಮ್ಯಾನ್ ವಿಟ್ನಿ, ವಿಲ್ಕಾಕ್ಸನ್. ಗುಂಪು ಮೂರು ಅಥವಾ ಜಾಸ್ತಿ ಆದರೆ ಅನೋವಾ. ಎರಡು ಅಳತೆಗಳ ನಂಟು ಕೇಳಿದರೆ ಪಿಯರ್ಸನ್, ನಾರ್ಮಲ್ ಇಲ್ಲದಿದ್ದರೆ ಸ್ಪಿಯರ್‌ಮನ್. ಇದಕ್ಕಿಂತ ಆಳಕ್ಕೆ ಹೋಗುವ ಅಗತ್ಯ ಪಾರ್ಟ್ 1ಕ್ಕೆ ಕಾಣುವುದಿಲ್ಲ.

ಜೆನೆಟಿಕ್ಸ್ ಲೆಕ್ಕದಲ್ಲಿ ಯಾವಾಗಲೂ ಉತ್ತರ ತಪ್ಪುತ್ತದೆ. ಯಾಕೆ?

ಬಹುತೇಕ ಇದೇ ಪ್ರಶ್ನೆ ಇರಬೇಕು. ಒಬ್ಬ ಆರೋಗ್ಯವಂತ ಯುವಕ. ಅವನ ತಂಗಿಗೆ ಸಿಸ್ಟಿಕ್ ಫೈಬ್ರೋಸಿಸ್ (ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುವ ರಿಸೆಸಿವ್ ಕಾಯಿಲೆ) ಇದೆ, ಅಪ್ಪ ಅಮ್ಮನಿಗೆ ಇಲ್ಲ. ಅವನು ಕ್ಯಾರಿಯರ್ (ಕಾಯಿಲೆ ಇಲ್ಲದೆ ಅಂಥ ಒಂದು ಜೀನ್ ಹೊತ್ತವನು) ಆಗಿರುವ ಸಾಧ್ಯತೆ ಎಷ್ಟು? ಹೆಚ್ಚಿನವರು ಅರ್ಧ ಅನ್ನುತ್ತಾರೆ. ಉತ್ತರ ಮೂರರಲ್ಲಿ ಎರಡು.

ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್. ಮಕ್ಕಳಿಗೆ ನಾಲ್ಕು ಸಾಧ್ಯತೆ: ಒಂದು ಪೂರ್ತಿ ನಾರ್ಮಲ್, ಎರಡು ಕ್ಯಾರಿಯರ್, ಒಂದು ಕಾಯಿಲೆ. ಈ ಯುವಕನಿಗೆ ಕಾಯಿಲೆ ಇಲ್ಲ ಅಂತ ಪ್ರಶ್ನೆಯಲ್ಲೇ ಹೇಳಿದ್ದಾರೆ. ಹಾಗಾಗಿ ನಾಲ್ಕನೆಯದನ್ನು ಛೇದದಿಂದ ತೆಗೆಯಬೇಕು. ಉಳಿದದ್ದು ಮೂರು, ಅದರಲ್ಲಿ ಕ್ಯಾರಿಯರ್ ಎರಡು.

ಮುಂದುವರಿಸಿ ಕೇಳುತ್ತಾರೆ: ಅವನು ಸಂಬಂಧವಿಲ್ಲದ ಬ್ರಿಟಿಷ್ ಹುಡುಗಿಯನ್ನು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ? ಬ್ರಿಟನ್ನಿನಲ್ಲಿ ಈ ಕಾಯಿಲೆ ಸುಮಾರು 2,500ಕ್ಕೆ ಒಂದು. ಅದರ ವರ್ಗಮೂಲ 50ಕ್ಕೆ ಒಂದು, ಎರಡರಿಂದ ಗುಣಿಸಿದರೆ 25ಕ್ಕೆ ಒಬ್ಬರು ಕ್ಯಾರಿಯರ್. ಮೂರರಲ್ಲಿ ಎರಡು, 25ರಲ್ಲಿ ಒಂದು, ನಾಲ್ಕರಲ್ಲಿ ಒಂದು, ಮೂರನ್ನೂ ಗುಣಿಸಿ. 150ಕ್ಕೆ ಒಂದು.

ವಂಶವೃಕ್ಷದಲ್ಲಿ ಗಂಡ ಹೆಂಡತಿ ನಡುವೆ ಜೋಡಿ ಗೆರೆ ಇದ್ದರೆ ರಕ್ತಸಂಬಂಧದ ಮದುವೆ, ರಿಸೆಸಿವ್ ಕಾಯಿಲೆಯ ಕಡೆ ಕೈ ತೋರುತ್ತದೆ. ಸೋದರಮಾವನನ್ನು ಮದುವೆಯಾಗುವುದು, ಅತ್ತೆ ಮಗ, ಮಾವನ ಮಗಳು ಇವೆಲ್ಲ ನಮ್ಮ ವಾರ್ಡುಗಳಲ್ಲಿ ನೋಡಿ ಅಭ್ಯಾಸ ಇರುವುದರಿಂದ ಇಲ್ಲಿ ನಮಗೆ ಅನುಕೂಲ. ಸೋದರಮಾವ-ಅಕ್ಕನ ಮಗಳ ಮದುವೆಯ ಮಗುವಿಗೆ ಇನ್‌ಬ್ರೀಡಿಂಗ್ ಗುಣಾಂಕ 8ರಲ್ಲಿ 1, ಅತ್ತೆ-ಮಾವನ ಮಕ್ಕಳ ಮದುವೆಯ ಮಗುವಿಗೆ 16ರಲ್ಲಿ 1. ಇನ್ನು ಅಪ್ಪನಿಂದ ಮಗನಿಗೆ ಬಂದಿದ್ದರೆ ಎಕ್ಸ್ ಲಿಂಕ್ಡ್ ಅಲ್ಲ. ಬರೀ ತಾಯಿ ಕಡೆಯಿಂದ ಗಂಡು ಹೆಣ್ಣು ಇಬ್ಬರಿಗೂ ಬಂದಿದ್ದು, ಗಂಡಸರಿಂದ ಮುಂದೆ ಹೋಗದಿದ್ದರೆ ಮೈಟೋಕಾಂಡ್ರಿಯಾ ನೆನಪಿಸಿಕೊಳ್ಳಿ.

ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಫಸ್ಟ್ ಇಯರ್ ಪುಸ್ತಕ ಮತ್ತೆ ತೆಗೆಯಬೇಕಾ?

ಬೇಡ. ದೊಡ್ಡ ಪುಸ್ತಕ ತೆಗೆದರೆ ಮೊದಲ ಅಧ್ಯಾಯದಲ್ಲೇ ತಿಂಗಳು ಕಳೆಯುತ್ತದೆ. ರೋಗಿಯ ರಿಪೋರ್ಟ್‌ನಿಂದ ಹಿಂದಕ್ಕೆ ಹೋಗಿ. ಡೈಯುರೆಟಿಕ್ ಬರೆದಾಗಲೆಲ್ಲ ನೆಫ್ರಾನ್‌ನಲ್ಲಿ ಅದು ಎಲ್ಲಿ ಕೆಲಸ ಮಾಡುತ್ತದೆ ಅಂತ ಕೇಳಿಕೊಳ್ಳಿ. ಎಬಿಜಿ (ಅಪಧಮನಿ ರಕ್ತದ ಗ್ಯಾಸ್ ಟೆಸ್ಟ್) ನೋಡಿದಾಗಲೆಲ್ಲ ಆನಯಾನ್ ಗ್ಯಾಪ್ ಹಾಕಿ. ಸೋಡಿಯಂ 138, ಪೊಟ್ಯಾಷಿಯಂ 4, ಕ್ಲೋರೈಡ್ 100, ಬೈಕಾರ್ಬೊನೇಟ್ 12 ಆದರೆ 142ರಿಂದ 112 ಕಳೆದು 30. ಪೊಟ್ಯಾಷಿಯಂ ಸೇರಿಸಿ ಲೆಕ್ಕ ಹಾಕಿದಾಗ ಸಾಮಾನ್ಯ ಮಟ್ಟ ಸುಮಾರು 10ರಿಂದ 18, ಹಾಗಾಗಿ ಇದು ಜಾಸ್ತಿ. ಕೀಟೋನ್, ಲ್ಯಾಕ್ಟೇಟ್, ಕಿಡ್ನಿ, ವಿಷ, ಇಷ್ಟನ್ನು ಯೋಚಿಸಿ. ಹಿಮೋಗ್ಲೋಬಿನ್ ಆಕ್ಸಿಜನ್ ಹಿಡಿಯುವುದನ್ನು, ಬಿಡುವುದನ್ನು ತೋರಿಸುವ ಆಕ್ಸಿಜನ್ ಡಿಸೋಸಿಯೇಶನ್ ಕರ್ವ್ ಮಾತ್ರ ಕೈಯಲ್ಲಿ ಬರೆದು ಕಲಿಯಿರಿ. ಆಸಿಡ್, ಕಾರ್ಬನ್ ಡೈ ಆಕ್ಸೈಡ್, ಜ್ವರ, 2,3-ಡಿಪಿಜಿ ಬಲಕ್ಕೆ ತಳ್ಳುತ್ತವೆ. ಕಾರ್ಬನ್ ಮೊನಾಕ್ಸೈಡ್, ಭ್ರೂಣದ ಹಿಮೋಗ್ಲೋಬಿನ್ ಎಡಕ್ಕೆ.

ರಿಪೋರ್ಟ್‌ಗಳ ಯೂನಿಟ್ ನೋಡಿದರೆ ತಲೆ ಕೆಡುತ್ತದೆ.

ನಮ್ಮವರಿಗೆ ನಿಜವಾದ ತೊಂದರೆ ಇದೇ. ನಾರ್ಮಲ್ ರೇಂಜ್ ಪಕ್ಕದಲ್ಲೇ ಕೊಟ್ಟಿರುತ್ತಾರೆ, ಆದರೆ ಪ್ರತಿ ಸಲ ಅದನ್ನು ನೋಡುತ್ತಾ ಕೂತರೆ ಸಮಯ ಹೋಗುತ್ತದೆ. ಶುಗರ್‌ನ ಮಿಲಿಮೋಲ್ ಅನ್ನು 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ, 12 ಅಂದರೆ 216. ಕ್ರಿಯಾಟಿನಿನ್ ಮೈಕ್ರೋಮೋಲ್ ಅನ್ನು 88ರಿಂದ ಭಾಗಿಸಿ, 265 ಅಂದರೆ ಸುಮಾರು 3. ಕ್ಯಾಲ್ಸಿಯಂ 4ರಿಂದ ಗುಣಿಸಿ, ಬಿಲಿರುಬಿನ್ 17ರಿಂದ ಭಾಗಿಸಿ. ಗ್ಯಾಸ್‌ನ ಕಿಲೋಪಾಸ್ಕಲ್ ಅನ್ನು 7.5ರಿಂದ ಗುಣಿಸಿ, ಆಕ್ಸಿಜನ್ 8 ಅಂದರೆ ನಮ್ಮ 60. ಮೊದಮೊದಲು ಹೀಗೆ ಪರಿವರ್ತಿಸಿ, ಆಮೇಲೆ ಬ್ರಿಟಿಷ್ ಸಂಖ್ಯೆಗಳಲ್ಲೇ ಯೋಚಿಸುವ ಅಭ್ಯಾಸ ಮಾಡಿಕೊಳ್ಳಿ.

ಅನಾಟಮಿಯಲ್ಲಿ ಏನು ಓದಲಿ?

ನರಗಳನ್ನು ಓದಿ, ಉಳಿದದ್ದನ್ನು ಅದೃಷ್ಟಕ್ಕೆ ಬಿಡಿ. ಒಂದು ಉದಾಹರಣೆ ಫುಟ್ ಡ್ರಾಪ್. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿದವರಿಗೆ ಕಾಮನ್ ಪೆರೋನಿಯಲ್ ನರ ಫಿಬುಲಾದ ಕುತ್ತಿಗೆ ಹತ್ತಿರ ಒತ್ತಿಹೋಗಬಹುದು. ಬೆನ್ನಿನಲ್ಲಿ ಎಲ್5 ಬೇರು ಒತ್ತಿದರೂ ಪಾದ ಬೀಳುತ್ತದೆ. ಬೇರ್ಪಡಿಸುವುದು ಹೇಗೆ? ಪಾದವನ್ನು ಒಳಕ್ಕೆ ತಿರುಗಿಸಲು ಹೇಳಿ. ಆ ಕೆಲಸ ಮಾಡುವ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಬರುವುದು ಟಿಬಿಯಲ್ ನರ, ಬೇರು ಎಲ್5. ಹಾಗಾಗಿ ಇನ್ವರ್ಶನ್ ಚೆನ್ನಾಗಿದ್ದರೆ ಪೆರೋನಿಯಲ್, ಅದೂ ಸೋತಿದ್ದರೆ ಎಲ್5. ಹಿಪ್ ಅಬ್ಡಕ್ಷನ್ ಕೂಡ ಸೋತಿದ್ದರೆ ಅನುಮಾನವೇ ಬೇಡ.

ಇಮ್ಯುನಾಲಜಿ?

ಜೋಡಿಗಳನ್ನು ಕಲಿಯಿರಿ. ಮೆನಿಂಗೊಕಾಕಸ್ ಮತ್ತೆ ಮತ್ತೆ ಬಂದರೆ ಕಾಂಪ್ಲಿಮೆಂಟ್ ಪ್ರೋಟೀನ್‌ಗಳಾದ ಸಿ5ರಿಂದ ಸಿ9ರ ಕೊರತೆ. ರಕ್ತ ಕೊಟ್ಟ ಕೂಡಲೇ ಅನಾಫಿಲಾಕ್ಸಿಸ್ ಆದರೆ ಐಜಿಎ ಕೊರತೆ. ತುರಿಕೆ ಇಲ್ಲದೆ ಪದೇ ಪದೇ ಮುಖ ಊದಿಕೊಂಡು ಸಿ4 ಕಡಿಮೆ ಇದ್ದರೆ ಸಿ1 ಎಸ್ಟರೇಸ್ ಇನ್ಹಿಬಿಟರ್ ಕೊರತೆ. ಹೈಪರ್‌ಸೆನ್ಸಿಟಿವಿಟಿಯ ನಾಲ್ಕು ಬಗೆಗೂ ಒಂದೊಂದು ಕಾಯಿಲೆ ನೆನಪಿರಲಿ.

ಡ್ಯೂಟಿ ಮಧ್ಯೆ ಇದನ್ನೆಲ್ಲ ಯಾವಾಗ ಓದುವುದು?

ಸ್ಟ್ಯಾಟಿಸ್ಟಿಕ್ಸ್ ಅನ್ನು ತಯಾರಿಯ ಶುರುವಿನಲ್ಲೇ ಒಂದು ಸಲ ಅರ್ಥ ಮಾಡಿಕೊಳ್ಳಿ, ಕೊನೆಗೆ ಇಡಬೇಡಿ. ಆಮೇಲೆ ದಿನಾ ಎರಡು ಮೂರು ಲೆಕ್ಕ ಕಾಗದದ ಮೇಲೆ ಮಾಡಿದರೆ ಸಾಕು, ನೈಟ್ ಡ್ಯೂಟಿಯಲ್ಲಿ ಚಹಾ ಬರುವಷ್ಟರಲ್ಲಿ ಮುಗಿಯುತ್ತದೆ. ಕಾಗದ ಪೆನ್ನು ಕಡ್ಡಾಯ. ಮೊಬೈಲ್‌ನಲ್ಲಿ ವಿವರಣೆ ಓದಿ "ಹೂಂ, ಗೊತ್ತಾಯ್ತು" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಇಮ್ಯುನಾಲಜಿ ಜೋಡಿಗಳು ಬೇಗ ಮರೆಯುತ್ತವೆ, ಅವನ್ನು ಕೊನೆಯ ಎರಡು ವಾರಕ್ಕೆ ಇಡಿ.

ನೀಟ್ ಪಿಜಿಗೂ ಇದೇ ತಯಾರಿ ಆಗುತ್ತದಾ?

ಸೂತ್ರಗಳೆಲ್ಲ ಅವೇ. ಅಲ್ಲಿ ಇವು ಪಿಎಸ್ಎಂ (ಸಮುದಾಯ ವೈದ್ಯಕೀಯ) ಒಳಗೆ ಬರುತ್ತವೆ, ಜೊತೆಗೆ ನಮ್ಮ ದೇಶದ ಆರೋಗ್ಯ ಕಾರ್ಯಕ್ರಮಗಳೂ ಇರುತ್ತವೆ. ಮುಖ್ಯ ವ್ಯತ್ಯಾಸ ಅಂಕದಲ್ಲಿ. ನೀಟ್ ಪಿಜಿಯಲ್ಲಿ ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. ಆ ಅಭ್ಯಾಸದಿಂದ ಬಂದವರು ಪಾರ್ಟ್ 1ರಲ್ಲೂ ಅನುಮಾನ ಇದ್ದ ಪ್ರಶ್ನೆಗಳನ್ನು ಖಾಲಿ ಬಿಟ್ಟು ಬರುತ್ತಾರೆ. ಇಲ್ಲಿ ಕಳೆಯುವುದೇ ಇಲ್ಲವಲ್ಲ, 200ಕ್ಕೆ 200 ತುಂಬಿಸಿಯೇ ಎದ್ದು ಬನ್ನಿ.